ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ನಮ್ಮದು ಮುಳಬಾಗಿಲು ತಾಲ್ಲೂಕು, ತಾಯಲೂರಿನ ಪಕ್ಕದ ಒಂದು ಹಳ್ಳಿ. ಕೆರೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಮೇಲ್ಗಡೆ ರಾಗಿ ಹೊಲ. ಹೊಟ್ಟೆಗೆ ರಾಗಿಯಾದರೆ ಮಿಕ್ಕಿದ್ದೆಲ್ಲ ರೇಷ್ಮೆ ಹುಳದಿಂದ ನಡೆಯುತ್ತಿತ್ತು. ನನ್ನನ್ನು ಮೂರನೇ ಕ್ಲಾಸಿನಿಂದ ಬಿಡಿಸಿದ್ದೂ ಹುಳಕ್ಕಾಗಿಯೇ. ಮೊಟ್ಟೆಯೊಡೆದ ಸಣ್ಣ ಹುಳಕ್ಕೆ ಸೊಪ್ಪನ್ನು ನೂಲಿನಂತೆ ಕೊಚ್ಚಿ ಉದುರಿಸಬೇಕು. ಆ ಕೆಲಸಕ್ಕೆ ನನ್ನ ಕೈ ಚೆನ್ನಾಗಿದೆ ಎಂದು ಅಮ್ಮ ಹೇಳಿದಳು. ಸ್ಲೇಟನ್ನು ಅಟ್ಟದ ಮೇಲೆ ಇಟ್ಟೆ.

ಹುಳ ಇಟ್ಟ ಮನೆಗೆ ಅದರದೇ ಒಂದು ಮಡಿ ಇರುತ್ತದೆ. ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಬೀಡಿ ಸೇದಿದವರು ಒಳಗೆ ಕಾಲಿಡುವಂತಿಲ್ಲ. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ, ಹುಳ ಹಣ್ಣಾಗಿ ಗೂಡು ಕಟ್ಟಲು ಹೋಗುವ ತನಕ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದೆವು. ಸೊಪ್ಪು ಕಂಡವರು, ಒಡಹುಟ್ಟಿದವರೇ ಆಗಲಿ, ಬೀದಿಯಲ್ಲಿ ನಿಂತು ಮಾತಾಡಿ ಹೋಗುತ್ತಿದ್ದರು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರವರ ಮನೆಯಲ್ಲೂ ಹುಳ ಇರುತ್ತಿತ್ತು.

ಆ ಸೊಪ್ಪನ್ನು ನಾನು ಒಂದು ಸಲ ಸುಳ್ಳಿಗೆ ಕಟ್ಟಿದೆ. ಕಟ್ಟಿದ್ದು ನನ್ನ ತಮ್ಮನನ್ನು ಹೊರಗೆ ನಿಲ್ಲಿಸುವುದಕ್ಕೆ.

ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರು. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಚಿಕ್ಕವನು. ಹಾಗಾಗಿ ನಾನೂ ಮಾವನೂ ಅಪ್ಪನ ಮನೆಯಲ್ಲೇ ನಿಂತೆವು. ತಮ್ಮನಿಗೆ ಉಣ್ಣಿಸಿದ್ದು, ತಲೆಗೆ ಎಣ್ಣೆ ಹಚ್ಚಿದ್ದು, ಶಾಲೆಗೆ ಅಟ್ಟಿದ್ದು ಎಲ್ಲ ನಾನೇ. ಅವನು ಸಂಜೆ ಓದುವಾಗ ನಾನು ಸೊಪ್ಪು ಕೊಚ್ಚುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ. ಬಿಟ್ಟುಹೋದ ಅಕ್ಷರ ನನಗೆ ತಿರುಗಿ ಬಂದದ್ದು ಹಾಗೆ. ಕೋಲಾರದಲ್ಲಿ ಹೈಸ್ಕೂಲು ಮುಗಿಸಿ ಅವನು ಒಳ್ಳೆಯ ದರ್ಜೆಯಲ್ಲಿ ಪಾಸಾದ ಮೇಲೆ, ಬೆಂಗಳೂರಿಗೆ, ವಿಶ್ವವಿದ್ಯಾನಿಲಯದ ದೊಡ್ಡ ಕಾಲೇಜಿಗೆ ಕಳಿಸಬೇಕು ಎಂದು ಹಟ ಹಿಡಿದವಳು ನಾನು. ಅಪ್ಪ ಹಿಂದೆಮುಂದೆ ನೋಡಿದರು.

"ಇಷ್ಟು ಓದಿದ್ದು ಸಾಲ್ದಾ? ಶ್ಯಾನುಭೋಗರ ಹತ್ರ ಬರ್ಯೋಕೆ ಕೂರ್ಸಿದ್ರೆ ಕಣ್ಣೆದುರಿಗೇ ಇರ್ತಾನೆ."

"ಇನ್ನೊಬ್ಬರ ಹತ್ರ ಯಾಕಪ್ಪ ಕೂರ್ಬೇಕು? ಇನ್ನೊಬ್ಬರು ಬಂದು ಇವನ ಹತ್ರ ಕೂರ್ಲಿ," ಎಂದೆ.

ಮಾವ ನಕ್ಕ. "ಇವ್ಳು ತಮ್ಮನ್ನ ಅಮಲ್ದಾರ್ರನ್ನ ಮಾಡೋ ತಂಕ ಬಿಡಾಕಿಲ್ಲ, ಬಿಡು ಭಾವ."

ಅದು ಯುದ್ಧದ ಕಾಲ. ವಿಮಾನದಿಂದ ಇಳಿಯುವ ಕೊಡೆಗೆ ನಮ್ಮ ರೇಷ್ಮೆ ಬೇಕಂತೆ ಎಂದು ಗೂಡಿಗೆ ಒಳ್ಳೆಯ ಗಿರಾಕಿ ಇತ್ತು. ಹಾಗಾಗಿ ಕಳಿಸುವುದು ಕಷ್ಟವಾಗಲಿಲ್ಲ. ಹೋದ ದಿನದಿಂದಲೇ ನಾನು ಬಾವಿಕಟ್ಟೆಯಲ್ಲಿ ಅವನ ಮಾತೇ ಆಡತೊಡಗಿದೆ. ಬೈರಕೂರಿನಿಂದ ನೆಂಟರು ಬಂದರೂ ಅದೇ ಮಾತು. "ನಮ್ಮೋನು ಬೆಂಗಳೂರಲ್ಲಿ ಓದ್ತಾವ್ನೆ" ಎನ್ನುವಾಗ ಬಿಂದಿಗೆಯ ಭಾರವೇ ತಿಳಿಯುತ್ತಿರಲಿಲ್ಲ. ಮುಂದೆ ಮಾಡಿದ್ದಕ್ಕೆ ಇದೂ ಒಂದು ಕಾರಣ ಎನ್ನುವುದನ್ನು ಮರೆಮಾಡಬಾರದೆಂದು ಬರೆದಿದ್ದೇನೆ.

ದಸರಾ ರಜಕ್ಕೆ ಬಂದಾಗ ಅವನು ಇಳಿದುಹೋಗಿದ್ದ. ಮೊದಲ ದಿನ ಮೂರು ಮುದ್ದೆ ಉಂಡು, ಕೈ ತೊಳೆಯದೆ ಹಾಗೇ ಕೂತಿದ್ದ.

"ಅಲ್ಲಿ ಊಟ ಹಾಕಲ್ವೇನೋ?"

"ಹಾಕ್ತಾರೆ ಅಕ್ಕ. ಎರಡು ಹೊತ್ತೂ ಅನ್ನ. ಉಂಡೋನು ಎದ್ದು ರೂಮಿಗೆ ಹೋಗೋ ಹೊತ್ಗೆ ಹಸಿವು."

ಕಾಲೇಜು ಹೇಗಿದೆ ಎಂದು ಮಾವ ಕೇಳಿದ.

"ಕ್ಲಾಸು ನಮ್ಮ ಕಲ್ಯಾಣಿ ಇದ್ದಂಗೈತೆ ಮಾವ. ಬೆಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗ್ತಾವೆ. ಪ್ರೊಫೆಸರು ಕೆಳಗೆ ತಳದಲ್ಲಿ ನಿಂತ್ಕೊಂಡು ಇಂಗ್ಲಿಷಲ್ಲಿ ಹೇಳ್ತಾರೆ. ನಾನು ತುದೀಲಿ ಕೂರ್ತೀನಿ. ಅವರ ಬಾಯಿ ಆಡೋದು ಕಾಣ್ತದೆ, ಮಾತು ಕೇಳಲ್ಲ."

"ಕೆಳಗೆ ಬಂದು ಕೂತ್ಕೋ."

"ಕೆಳಗೆ ಬೂಟ್ಸು ಹಾಕ್ದೋರು ಕೂರ್ತಾರೆ."

ಹಾಜರಿ ಕೂಗುವಾಗ ಅಲ್ಲಿ ಹೆಸರಿಲ್ಲವಂತೆ, ನಂಬರಂತೆ. ಮೊದಲ ದಿನಗಳಲ್ಲಿ ತನ್ನ ನಂಬರು ಕೂಗಿದಾಗ ಇವನು ಇನ್ನಾರೋ ಎಂದು ಸುಮ್ಮನೆ ಕೂತಿದ್ದನಂತೆ. ಒಂದು ಸಲ ಪ್ರೊಫೆಸರು ಏನೋ ಕೇಳಿದರು, ಇವನಿಗೆ ಉತ್ತರ ಗೊತ್ತಿತ್ತು, ಎದ್ದು ನಿಂತು ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅಕ್ಕಪಕ್ಕ, ಮುಂದೆ ಕೂತಿದ್ದವರೆಲ್ಲ ಕಾಲಲ್ಲಿ ನೆಲ ಗುದ್ದಿದರು. ಇವನ ಇಂಗ್ಲಿಷಿನಲ್ಲಿ ನಮ್ಮ ಗಡಿ ಕಡೆಯ ತೆಲುಗಿನ ರಾಗ ಇತ್ತಂತೆ. ಅದನ್ನೆಲ್ಲ ಅವನು ನಗಿಸುವಂತೆಯೇ ಹೇಳಿದ. ಅಪ್ಪ, ಮಾವ ನಕ್ಕರು. ನಾನು ನಗಲಿಲ್ಲ, ಹೆದರಿದೆ. ಇವನು ವಾಪಸು ಬಂದುಬಿಡುತ್ತಾನೆ ಎಂದು ನನಗೆ ಆವತ್ತೇ ಅನಿಸಿತು.

"ಎಲ್ಲಾ ಸರಿಹೋಗ್ತದೆ ಕಣೋ. ಹೊಸ ಎತ್ತಿಗೂ ನೊಗ ಒತ್ತುತ್ತೆ," ಎಂದೆ.

"ನೀನು ಹೇಳಿದ್ರೆ ಸರಿಹೋಗ್ತದೆ ಬಿಡು," ಎಂದ. ರಜ ಮುಗಿಸಿ ಬೆಂಗಳೂರಿಗೆ ಹೊರಟುಹೋದ.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇತ್ತು. ನಮ್ಮ ಒಂದು ಬೆಳೆ ಮುಗಿದು, ಗೂಡನ್ನು ನೂಲು ಬಿಚ್ಚುವವರಿಗೆ ಕೊಡಲು ಅಪ್ಪನೂ ಮಾವನೂ ಶ್ರೀನಿವಾಸಪುರದ ಕಡೆ ಗಾಡಿ ಕಟ್ಟಿಕೊಂಡು ಹೋಗಿದ್ದರು. ನಾನು ಹುಳ ಸಾಕುವ ಬಿದಿರಿನ ತಟ್ಟೆಗಳನ್ನು ಸಗಣಿ ಸಾರಿಸಿ ಹಿತ್ತಲಲ್ಲಿ ಬಿಸಿಲಿಗೆ ಒರಗಿಸಿದ್ದೆ. ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಕಸ ಚೆಲ್ಲಲು ಹೊರಗೆ ಬಂದಾಗ ಕೆರೆ ಏರಿಯ ಮೇಲೆ ಒಬ್ಬ ಬರುತ್ತಿರುವುದು ಕಂಡಿತು. ನಡಿಗೆಯಲ್ಲೇ ಗುರುತು ಸಿಕ್ಕಿತು. ಹೆಗಲ ಮೇಲೆ ಟ್ರಂಕು ಇತ್ತು.

ಬಟ್ಟೆ ಗಂಟು ಮಾತ್ರ ಇದ್ದಿದ್ದರೆ ನಾನು ಎದುರಿಗೆ ಓಡುತ್ತಿದ್ದೆ. ಟ್ರಂಕು ಹೊತ್ತು ಬಂದಿದ್ದಾನೆ ಎಂದರೆ ಬಿಟ್ಟು ಬಂದಿದ್ದಾನೆ. ಅವನು ಒಳಗೆ ಬಂದು ಒಲೆ ಮುಂದೆ ಕೂತರೆ ಮುಗಿಯಿತು, ನನಗೇ ಅವನನ್ನು ಎಬ್ಬಿಸುವ ಧೈರ್ಯ ಬರುವುದಿಲ್ಲ. ಸಾಯಂಕಾಲ ಅಪ್ಪ ಬಂದರೆ, "ಹೋಗ್ಲಿ ಬಿಡು ಮಗ" ಎಂದುಬಿಡುತ್ತಾರೆ. ನಾಳೆ ಬಾವಿಕಟ್ಟೆಯಲ್ಲಿ ಏನು ಹೇಳಲಿ? ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಮನಸ್ಸಿಗೆ ಬಂತು. ಬೀದಿಯ ಬೇವಿನ ಮರದಿಂದ ಒಂದು ಕೊಂಬೆ ಕಿತ್ತೆ, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಕಟ್ಟಿದೆ. ಹಿತ್ತಲ ತಟ್ಟೆಗಳನ್ನು ಎಳೆದೆಳೆದು ಒಳಗೆ ಹಾಕಿದೆ. ಅವನು ಬೀದಿ ತಿರುಗುವ ಹೊತ್ತಿಗೆ ನಾನು ಹೊಸ್ತಿಲ ಒಳಗೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ.

"ಅಕ್ಕಾ," ಎಂದ. ಮುಖದಲ್ಲಿ ನಗು ಬಂದಿತ್ತು.

"ಲೇ, ನಿಲ್ಲೋ ಅಲ್ಲೇ! ಹುಳ ನಾಲ್ಕನೇ ಜ್ವರ ಎದ್ದವೆ."

ಅವನು ನಿಂತ. ಸೊಪ್ಪು ನೋಡಿದ. "ಈಗ್ಲಾ? ಈ ತಿಂಗ್ಳು ಬೆಳೆ ಮುಗೀತದೆ ಅಂದಿದ್ರಿ."

"ಇನ್ನೊಂದು ಸಲ ಇಟ್ವಿ. ಬೇಡಿಕೆ ಐತಲ್ಲ."

"ಕೈಕಾಲು ತೊಳ್ಕೊಂಡು ಬರ್ತೀನಿ ಅಕ್ಕ. ಮೂಲೇಲಿ ಕೂತಿರ್ತೀನಿ."

"ರೈಲು, ಬಸ್ಸು, ನೂರಾರು ಜನ ಮುಟ್ಟಿ ಬಂದಿದ್ದೀಯ. ಹೋದ ಸಲ ಹಿಂಗೇ ಹುಳ ಸುಣ್ಣಕಟ್ಟು ರೋಗ ಬಂದು ಸತ್ತಿದ್ದು ಮರ್ತೋಯ್ತಾ? ಅಲ್ಲೇ ಜಗಲಿ ಮೇಲೆ ಕೂತ್ಕೋ, ಮುದ್ದೆ ಕೊಡ್ತೀನಿ."

ಅವನು ಟ್ರಂಕು ಇಳಿಸಿ ಜಗಲಿಯ ತುದಿಯಲ್ಲಿ ಕೂತ. ಬೆಳಗಿನ ಮುದ್ದೆ, ಹುರುಳಿ ಸಾರು ಒಂದು ತಟ್ಟೆಯಲ್ಲಿ ಇಟ್ಟು ಮುಂದಕ್ಕೆ ನೂಕಿದೆ. ತಿಂದ.

"ಅಪ್ಪ?"

"ಶ್ರೀನಿವಾಸಪುರಕ್ಕೆ ಹೋಗವ್ರೆ. ಬರೋದು ನಾಳೆನೋ ನಾಳಿದ್ದೋ." ಅದೂ ಸುಳ್ಳು. ಸಂಜೆಗೇ ಬರುವವರಿದ್ದರು.

"ಅಕ್ಕ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

ಆ ಮಾತು ಯಾವುದೆಂದು ನನಗೆ ಗೊತ್ತಿತ್ತು. ಕೇಳಿಸಿಕೊಂಡರೆ ಉತ್ತರ ಕೊಡಬೇಕಾಗುತ್ತಿತ್ತು. "ಈಗ ಸೊಪ್ಪು ಹಾಕೋ ಹೊತ್ತು ಕಣೋ. ಹುಳ ಹಸ್ಕೊಂಡವೆ. ಮಧ್ಯಾಹ್ನದ ಬಸ್ಸಿಗೆ ಹೋಗ್ಬಿಡು, ಪಾಠ ತಪ್ಪಿಸ್ಬೇಡ. ಬೇಸಿಗೆ ರಜಕ್ಕೆ ಬಂದಾಗ ಹೇಳು," ಎಂದು ಬಾಗಿಲು ಮುಂದಕ್ಕೆ ಎಳೆದೆ.

ಒಳಗೆ ಬಂದವಳಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಮನೆ ನಿಶ್ಶಬ್ದವಾಗಿದ್ದರೆ ಅವನಿಗೆ ಅನುಮಾನ ಬರುತ್ತದೆ ಎನಿಸಿತು. ಕತ್ತಿ ತೆಗೆದುಕೊಂಡು, ಹಸುವಿಗೆ ತಂದಿದ್ದ ಹಸಿ ಹುಲ್ಲನ್ನು ಮಣೆಯ ಮೇಲಿಟ್ಟು ಕೊಚ್ಚತೊಡಗಿದೆ. ಕೈಗೆ ಅಭ್ಯಾಸವಾಗಿದ್ದ ಕೆಲಸ, ಟಕಟಕ ಎಂದು ನಡೆಯಿತು. ಹುಲ್ಲು ಮುಗಿದ ಮೇಲೂ ಬರಿಯ ಮಣೆಯ ಮೇಲೆ ಕೊಚ್ಚಿದೆ. ಕೊನೆಗೆ ನಿಲ್ಲಿಸಿ ಬಾಗಿಲ ಸಂದಿಯಲ್ಲಿ ನೋಡಿದಾಗ ಜಗಲಿ ಖಾಲಿ ಇತ್ತು. ಊಟದ ತಟ್ಟೆಯನ್ನು ತೊಳೆದು ಬೋರಲು ಹಾಕಿದ್ದ. ಟ್ರಂಕು ಹೊತ್ತ ಅವನ ಬೆನ್ನು ಏರಿಯ ಮೇಲೆ ಕಂಡಿತು.

ಬೇವಿನ ಸೊಪ್ಪನ್ನು ಬಿಚ್ಚಿ ಒಲೆಗೆ ಹಾಕಿದೆ. ಅಪ್ಪ, ಮಾವ ಬಂದಾಗ ಏನೂ ಹೇಳಲಿಲ್ಲ.

ಅವನು ಕಾಲೇಜಿಗೆ ವಾಪಸು ಹೋದ ಎಂದು ಅವನ ಕಾರ್ಡಿನಿಂದ ತಿಳಿಯಿತು. ಗೆದ್ದೆ ಎಂದುಕೊಂಡೆ. ಬೇಸಿಗೆ ರಜ ಬಂತು, ಅವನು ಬರಲಿಲ್ಲ. ಸ್ನೇಹಿತನೊಬ್ಬನ ಮನೆ ಮಾಲೂರಿನಲ್ಲಿದೆ, ಅಲ್ಲಿದ್ದುಕೊಂಡು ಇಬ್ಬರೂ ಓದುತ್ತೇವೆ ಎಂದು ಬರೆದಿದ್ದ.

"ಮಾಲೂರು ತಂಕ ಬಂದೋನು ಮನೆಗೆ ಯಾಕೆ ಬರ್ಲಿಲ್ಲ?" ಎಂದು ಅಪ್ಪ ದಿನವೂ ಕೇಳುತ್ತಿದ್ದರು. ಓದು ಜಾಸ್ತಿ ಇರಬೇಕು ಎಂದು ನಾನು ದಿನವೂ ಹೇಳುತ್ತಿದ್ದೆ.

ಮಳೆಗಾಲದ ಶುರುವಿಗೆ ಅಪ್ಪ ಒಂದು ದಿನ ಮುಳಬಾಗಿಲ ಸಂತೆಯಿಂದ ಬಂದು, ರುಮಾಲು ಬಿಚ್ಚದೆ ನನ್ನ ಮುಂದೆ ನಿಂತರು.

"ಸಂಕ್ರಾಂತಿಗೆ ಮುಂಚೆ ಮಗ ಊರಿಗೆ ಬಂದಿದ್ನಂತೆ. ಬೆಳಿಗ್ಗೆ ಇಳ್ದು ಮಧ್ಯಾಹ್ನದ ಬಸ್ಸಿಗೇ ಹತ್ತಿದ್ನಂತೆ. ಬಸ್ಸಿನ ಏಜೆಂಟು ಹೇಳ್ದ. ನಿಂಗೆ ಗೊತ್ತಾ?"

ಇನ್ನು ಸುಳ್ಳು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹುಳಾನೇ ಇರ್ಲಿಲ್ಲವಲ್ಲಮ್ಮ," ಎಂದರು. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, "ನಾನು ಹೋಗಲ್ಲ. ಬಾಗ್ಲು ಹಾಕ್ದೋಳು ನೀನು, ನೀನೇ ಹೋಗಿ ನೋಡ್ಕೊಂಡು ಬಾ," ಎಂದರು.

ನಾನು ಬೆಂಗಳೂರು ನೋಡಿದ್ದು ಅದೇ ಮೊದಲು. ಮಾವ ಜೊತೆಗೆ ಬಂದ. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು. ನರಸಾಪುರದ ಹತ್ತಿರ ಎಲ್ಲರನ್ನೂ ಇಳಿಸಿ ತಳ್ಳಿಸಿದರು. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಕಾಲೇಜಿನ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. ಅಷ್ಟು ದೊಡ್ಡ ಕಟ್ಟಡ. ಒಂದು ಬಾಗಿಲಲ್ಲಿ ಹೊರಗೆ ಬರುವವರು, ಇನ್ನೊಂದರಲ್ಲಿ ಒಳಗೆ ಹೋಗುವವರು, ಸಂತೆಯ ಹಾಗೆ. ಆದರೆ ಸಂತೆಯಲ್ಲಿ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆ. ಇಲ್ಲಿ ಯಾರೂ ನಮ್ಮ ಕಡೆ ತಿರುಗಲಿಲ್ಲ. ನಾನೇ ಇಲ್ಲಿ ಒಂದು ಗಳಿಗೆ ನಿಲ್ಲಲಾರೆ. ಹದಿನೇಳರ ಹುಡುಗನನ್ನು ಇದರೊಳಕ್ಕೆ ತಳ್ಳಿ, "ಸರಿಹೋಗ್ತದೆ" ಎಂದಿದ್ದೆ.

ಬಾಗಿಲಲ್ಲಿದ್ದ ಜವಾನನನ್ನು ಮಾವ ವಿಚಾರಿಸಿದ.

"ನಂಬರೆಷ್ಟು?" ಎಂದ ಅವನು.

"ನಂಬರು ಬಸ್ಸಿಗಿರ್ತದಪ್ಪ. ನಮ್ಮ ಹುಡುಗನಿಗೆ ಹೆಸ್ರೈತೆ. ಕಪ್ಪಗೆ, ಎತ್ತರಕ್ಕೆ, ಮುಳಬಾಗಿಲ ಕಡೆಯೋನು."

"ಕಪ್ಪಗೆ ಎತ್ತರಕ್ಕೆ ಇರೋರು ಇಲ್ಲಿ ಮುನ್ನೂರು ಜನ ಅವ್ರೆ ಯಜಮಾನ್ರೇ," ಎಂದು ಜವಾನ ನಕ್ಕ. ಆದರೆ ಮುಳಬಾಗಿಲು ಎಂದದ್ದನ್ನು ಕೇಳಿಸಿಕೊಂಡು ಒಬ್ಬ ಹುಡುಗ ನಿಂತ. ಮಾಲೂರಿನ ಸ್ನೇಹಿತ ಅವನೇ. "ನೀವು ಅಕ್ಕನವರಾ?" ಎಂದು ಕೇಳಿ, ಓಡಿಹೋಗಿ ತಮ್ಮನನ್ನು ಕರೆತಂದ.

ಅವನು ಕೋಟು ಹಾಕಿದ್ದ. ಕಾಲಿಗೆ ಚಪ್ಪಲಿ. ಬೂಟ್ಸಿರಲಿಲ್ಲ. ನಮ್ಮನ್ನು ನೋಡಿ ಮುಖ ಅರಳಲಿಲ್ಲ, ಕೆಡಲೂ ಇಲ್ಲ. "ಬನ್ನಿ ಮಾವ, ಬಾಕ್ಕ. ಊಟ ಆಯ್ತಾ?" ಎಂದ. ಬೀಗರ ಮನೆಯವರನ್ನು ಮಾತಾಡಿಸುವ ಹಾಗಿತ್ತು.

ಮಧ್ಯಾಹ್ನದ ಹೊತ್ತು, ಒಂದು ಕ್ಲಾಸು ಖಾಲಿ ಇತ್ತು. ಅಲ್ಲಿಗೆ ಕರೆದುಕೊಂಡು ಹೋದ. ಅವನು ಹೇಳಿದಂತೆಯೇ ಬೆಂಚುಗಳು ಮೇಲಕ್ಕೆ ಏರಿದ್ದವು. ಮಾವ ಮೇಲೆ ಹತ್ತಿ ತುದಿಯಲ್ಲಿ ಕೂತು, "ಏಮ್ರಾ ಅಬ್ಬಾಯಿ, ಇಲ್ಲಿಂದ ನೀನು ಇಲಿಮರಿ ಇದ್ದಂಗೆ ಕಾಣ್ತೀಯ," ಎಂದ.

"ಈಗ ಅಲ್ಲಿ ಕೂರಲ್ಲ ಮಾವ. ಎರಡನೇ ಸಾಲು."

ಎರಡನೇ ಸಾಲಿಗೆ ಹೇಗೆ ಬಂದ ಎಂದು ಮಾವ ಕೇಳಿಕೇಳಿ ಹೊರಡಿಸಿದ. ಸಂಕ್ರಾಂತಿಯ ಮೇಲೆ ದಿನವೂ ಎಲ್ಲರಿಗಿಂತ ಮುಂಚೆ ಬಂದು ಕೂರತೊಡಗಿದನಂತೆ. ಮೊದಲು ಬಂದವನನ್ನು ಎಬ್ಬಿಸಲು ಬೂಟ್ಸಿನವರಿಗೂ ಆಗುವುದಿಲ್ಲ. ಬೆಳಿಗ್ಗೆ ಅಲ್ಲಿಯದೇ ಒಂದು ಕೆರೆಯ ದಂಡೆಗೆ ಹೋಗಿ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದನಂತೆ, ದನ ಕಾಯುವವರು ಹುಚ್ಚನೆಂದು ತಿಳಿದಿದ್ದರಂತೆ. ಮಾಲೂರಿನ ಹುಡುಗನಿಗೆ ಲೆಕ್ಕ ಬರುತ್ತಿರಲಿಲ್ಲ, ಇವನಿಗೆ ಬರುತ್ತಿತ್ತು. ಹಾಗೆ ಸ್ನೇಹವಾಯಿತು. ಮತ್ತೊಂದು ಸಲ ಎದ್ದು ಉತ್ತರ ಹೇಳಿದಾಗ ಕಾಲು ಗುದ್ದಿದರು, ಇವನು ಗುದ್ದು ನಿಲ್ಲುವ ತನಕ ನಿಂತಿದ್ದು ಉಳಿದದ್ದನ್ನೂ ಹೇಳಿ ಕೂತ. ಆಮೇಲೆ ಗುದ್ದುವುದು ಕಡಿಮೆಯಾಯಿತು. ಭಾನುವಾರ ಅಡಿಗೆಯವನನ್ನು ಒಪ್ಪಿಸಿ ತಾನೇ ಮುದ್ದೆ ತಿರುವುತ್ತಾನಂತೆ, ತುಮಕೂರಿನವರೂ ಮಂಡ್ಯದವರೂ ತಟ್ಟೆ ಹಿಡಿದು ಬರುತ್ತಾರಂತೆ.

ಮಾವ ಚಪ್ಪಾಳೆ ತಟ್ಟಿದ. ನಾನು ತಡೆಯಲಾರದೆ ಹೇಳಿದೆ.

"ಅವತ್ತು ಹುಳ ಇರ್ಲಿಲ್ಲ ಕಣೋ."

"ಗೊತ್ತು," ಎಂದ.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನೀನು ಒಳಗೆ ಹೋಗಿ ಸೊಪ್ಪು ಕೊಚ್ಚೋಕೆ ಶುರು ಮಾಡ್ದೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಯಾರಕ್ಕಾ ಸೊಪ್ಪು ಕೊಚ್ಚಿ ಹಾಕ್ತಾರೆ? ಅವು ಎಲೆ ಎಲೇನೇ ತಿಂತಾವೆ."

ಹುಳದ ಜೊತೆಯಲ್ಲೇ ಬೆಳೆದ ನಾನು ಅದನ್ನು ಮರೆತಿದ್ದೆ. ಗಾಬರಿಯಲ್ಲಿ ಕೈಗೆ ಬಂದದ್ದು ಚಿಕ್ಕಂದಿನ ಕೆಲಸ. ಅವನೇ ಮುಂದುವರಿಸಿದ. ದನಿಯಲ್ಲಿ ಕೋಪ ಇರಲಿಲ್ಲ.

"ಅವತ್ತು ನಾನು ಹೇಳೋಕೆ ಬಂದದ್ದೇ ಬೇರೆ ಅಕ್ಕ. ಒಂದು ವಾರ ನಾನು ಕ್ಲಾಸಿಗೇ ಹೋಗಿರ್ಲಿಲ್ಲ. ರೂಮಲ್ಲೇ ಮಲಗಿದ್ದೆ. ಇವನೆಲ್ಲಿ ಅಂತ ಇಷ್ಟು ಸಾವಿರ ಜನದಲ್ಲಿ ಒಬ್ಬನೂ ಕೇಳ್ಲಿಲ್ಲ. ಹಂಗೇ ಸತ್ತಿದ್ರೂ ಯಾರಿಗೂ ತಿಳೀತಿರ್ಲಿಲ್ಲ ಅನ್ನಿಸ್ತು. ನಿನ್ನ ಹತ್ರ ಅದೊಂದು ಹೇಳಿ, ಎರಡು ದಿನ ಇದ್ದು ಹೋಗಾನ ಅಂತ ಬಂದೆ. ಟ್ರಂಕಲ್ಲಿ ಒಗಿಯೋ ಬಟ್ಟೆ ಇದ್ವು."

ಅವನು ಬಿಟ್ಟು ಬಂದಿರಲಿಲ್ಲ. ನಾನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು.

"ಏರಿ ಮೇಲೆ ಹೋಗ್ತಾ ಅಂದ್ಕೊಂಡೆ, ಇನ್ನು ನಂಗೆ ಇರೋದು ಇದೊಂದೇ ಜಾಗ. ಇಲ್ಲೇ ನಿಲ್ಬೇಕು, ನಿಂತೇ ತೀರ್ತೀನಿ ಅಂತ. ಅದಕ್ಕೇ ಎರಡನೇ ಸಾಲು." ಸ್ವಲ್ಪ ನಕ್ಕ. ಆ ನಗು ನೋಡಲು ನನಗೆ ಕಷ್ಟವಾಯಿತು.

ಮಾವ ಮೇಲಿನ ಬೆಂಚಿನಿಂದ ಕೆಳಗೆ ಬಂದು ಕಿಟಕಿಯ ಹತ್ತಿರ ನಿಂತುಬಿಟ್ಟ. ನಾನು ಅವತ್ತು ಬಾಗಿಲಲ್ಲಿ ಹೇಳಬೇಕಾಗಿದ್ದನ್ನು ಹೇಳಿದೆ. "ಮನೆಗೆ ಬಾರೋ. ಓದು ಬಿಟ್ಟು ಬಂದ್ರೂ ಬಾ. ಫೇಲಾದ್ರೂ ಬಾ. ಯಾರೇನಾದ್ರೂ ಅನ್ಲಿ, ನಾನು ನೋಡ್ಕೊಳ್ತೀನಿ."

"ಈಗ ಬಿಡಲ್ಲ ಅಕ್ಕ. ನೀನೇ ಬಿಡು ಅಂದ್ರೂ ಬಿಡಲ್ಲ."

"ಓದು ಬಿಡ್ಬೇಡ. ಮನೇನ ಬಿಡ್ಬೇಡ ಅಂತಿದ್ದೀನಿ."

ಗಂಟೆ ಹೊಡೆಯಿತು, ಹುಡುಗರು ನುಗ್ಗಿದರು. ಅವನು ತನ್ನ ಜಾಗದ ಮೇಲೆ ಪುಸ್ತಕ ಇಟ್ಟು, ನಮ್ಮನ್ನು ಬಾಗಿಲ ತನಕ ಬಿಡಲು ಬಂದ. "ದಸರಾಕ್ಕೆ ಬರ್ತೀನಿ. ಅಪ್ಪಂಗೆ ಹೇಳು," ಎಂದ.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಆವತ್ತು ಸರಿಯಾಗಿ ಉಂಡರು. ದಸರಾಕ್ಕೆ ಅವನು ಬಂದ, ಮೂರು ದಿನ ಇದ್ದ, ಅಪ್ಪನ ಪಕ್ಕದಲ್ಲಿ ಮಲಗಿದ. ಆಮೇಲೂ ರಜ ಬಂದಾಗಲೆಲ್ಲ ಬರುತ್ತಿದ್ದ. ಬಿ.ಎ. ಮುಗಿಸಿದ, ಕೆಲಸಕ್ಕೆ ಸೇರಿದ, ಅಪ್ಪನ ಕೊನೆಗಾಲದಲ್ಲಿ ಜೊತೆಗಿದ್ದ. ನನ್ನ ಮೇಲೆ ಎಂದೂ ಒಂದು ಬಿರುನುಡಿ ಆಡಿದವನಲ್ಲ. ಆದರೆ ತನ್ನ ಕಷ್ಟವನ್ನು ನನ್ನ ಹತ್ತಿರ ಹೇಳುವುದನ್ನು ಅವನು ಬಿಟ್ಟ. ಮದುವೆಯ ಚಿಂತೆ, ಕೆಲಸದ ತೊಂದರೆ, ಮಗುವಿನ ಕಾಯಿಲೆ, ಎಲ್ಲ ಮುಗಿದ ಮೇಲೆ ನನಗೆ ಸುದ್ದಿಯಾಗಿ ಬರುತ್ತವೆ. ಕೇಳಿದರೆ, "ಎಲ್ಲಾ ಸರಿಹೋಯ್ತು ಅಕ್ಕ" ಎನ್ನುತ್ತಾನೆ.

ಅದಕ್ಕೆ ನಾನು ಈಚೆಗೆ ಒಂದು ಕೆಲಸ ಮಾಡುತ್ತಿದ್ದೇನೆ. ಸುದ್ದಿ ಬರುವುದನ್ನು ಕಾಯುವುದಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಕೋಲಾರದ ಅವನ ಮನೆಗೆ ಹೋಗುತ್ತೇನೆ, ಎರಡು ದಿನ ಇರುತ್ತೇನೆ. "ಏನು ತೊಂದ್ರೆ ಐತೆ, ಹೇಳು" ಎಂದು ಕೇಳುತ್ತೇನೆ. ಏನೂ ಇಲ್ಲ ಎನ್ನುತ್ತಾನೆ. ಸರಿ ಎಂದು ಪಕ್ಕದಲ್ಲಿ ಕೂರುತ್ತೇನೆ, ಬೇರೆ ಮಾತು ಎತ್ತುವುದಿಲ್ಲ, ಏಳುವುದೂ ಇಲ್ಲ. ಹೋದ ಸಲ ಹೊರಡುವ ಹೊತ್ತಿಗೆ, ಕಣ್ಣು ಮಂಜಾಗುತ್ತಿದೆ, ಸಂಜೆಯಾದರೆ ಅಕ್ಷರ ಕಾಣುವುದಿಲ್ಲ ಎಂದು ಹೇಳಿದ. ಹೆಂಡತಿಗೂ ಇನ್ನೂ ಹೇಳಿರಲಿಲ್ಲವಂತೆ. ನಾನು ಚೀಲ ಕೆಳಗಿಟ್ಟು, ಅವತ್ತಿನ ಬಸ್ಸನ್ನು ಬಿಟ್ಟೆ.